ಗಾಜಿನ ದೋಣಿಗೆ ಎಣ್ಣೆನೀರು

ಹೋದ ತಿಂಗಳು ಓಮಲೂರು ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮೊಮ್ಮಗಳ ಜೊತೆ ಹೋಗುತ್ತಿದ್ದೆ. ಅಲ್ಲೊಂದು ತಗಡಿನ ಶೆಡ್ಡು. ಒಳಗೆ ಬಚ್ಚಲುಮನೆಗೆ ಹಾಕುವ ಫೈಬರ್ ಬಾಗಿಲು ಮಾಡುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ನಿಂತಿತು. ಮೊಮ್ಮಗಳು ಸೆರಗು ಎಳೆದು, “ಅಯ್ಯೋ ಪಾಟಿ, ಎನ್ನ ನಾತ್ತಂ! ವಾ, ಓಗಾಣ” ಅಂದಳು. ಅವಳಿಗೆ ಕನ್ನಡ ಬರುತ್ತದೆ, ಆದರೆ ಮಾತು ತಮಿಳಿನಲ್ಲಿ ಹೊರಟು ದಾರಿಯಲ್ಲೆಲ್ಲೋ ಕನ್ನಡಕ್ಕೆ ತಿರುಗುತ್ತದೆ. ನಾನು ಕದಲಲಿಲ್ಲ. ಅಲ್ಲೇ ನಿಂತು ಇನ್ನೊಂದು ಸಲ ಮೂಗು ತುಂಬ ಎಳೆದುಕೊಂಡೆ. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ಏನೇನೋ ನೆನಪಾಗುತ್ತದಂತೆ. ನನಗೆ ಈ ಘಾಟು ಬಂದರೆ ನಾವು ಗೆದ್ದ ವರ್ಷ ನೆನಪಾಗುತ್ತದೆ.

ಎಪ್ಪತ್ತರ ದಶಕ ಶುರುವಾಗಿ ಎರಡೋ ಮೂರೋ ವರ್ಷ ಆಗಿತ್ತು. ನಾನು ಕಾರಿಮಂಗಲಂ ಕಡೆಯ ಕಂಬಳಿ ನೇಯುವವರ ಮನೆಯ ಹುಡುಗಿ, ಮದುವೆಯಾಗಿ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನ ದಡಕ್ಕೆ ಬಂದಿದ್ದೆ. ನಮ್ಮ ದಡ ಸೇಲಂ ಜಿಲ್ಲೆ, ಎದುರು ದಡ ಧರ್ಮಪುರಿ. ಮೊದಲು ಎರಡೂ ಒಂದೇ ಜಿಲ್ಲೆಯಾಗಿದ್ದವು, ಸರ್ಕಾರದವರು ಬೇರೆ ಮಾಡಿದರು. ಜನ ಬೇರೆಯಾಗಿರಲಿಲ್ಲ. ಆ ದಡದವರಿಗೆ ಮೇಚೇರಿ ಸಂತೆ ಬೇಕು, ಈ ದಡದವರಿಗೆ ಆ ದಡದಲ್ಲಿ ಬೀಗರು, ನೆಂಟರು. ರಸ್ತೆಯಲ್ಲಿ ಸುತ್ತಿ ಹೋದರೆ ಬಸ್ಸು ಹತ್ತಿ ಇಳಿದು ದಿನವೇ ಕಳೆದುಹೋಗುತ್ತದೆ. ಹಾಗಾಗಿ ಎಲ್ಲರೂ ನೀರು ದಾಟಲು ಬರುತ್ತಿದ್ದದ್ದು ನಮ್ಮ ಮಾವನ ಕಡವಿಗೆ.

ಮಾರಪ್ಪ ಮಾವ ನನ್ನ ಅಮ್ಮನ ತಮ್ಮ. ಮದುವೆಗೆ ಮುಂಚೆಯೂ ಮಾವ, ಅವನ ಮಗನನ್ನು ಕಟ್ಟಿಕೊಂಡ ಮೇಲೆ ಮತ್ತೆ ಮಾವ. ಎರಡು ಸಲ ಮಾವನಾದವನ ಹತ್ತಿರ ಎರಡರಷ್ಟು ಜಗಳ ಆಡುವ ಹಕ್ಕು ನನಗಿತ್ತು, ಅದನ್ನು ನಾನು ಬಿಟ್ಟುಕೊಟ್ಟವಳಲ್ಲ. ಅಣೆಕಟ್ಟಿಗೆ ಮುಂಚೆ ಅಲ್ಲಿ ಬರೀ ಹೊಳೆ ಹರಿಯುತ್ತಿತ್ತು, ಹೊಳೆಯ ಪಕ್ಕ ಅವನ ಊರಿತ್ತು. ಅವರಪ್ಪ ಆ ಊರಿನ ಕಡವಿನಲ್ಲಿ ಹರಿಗೋಲು ಹಾಕುತ್ತಿದ್ದ. ನೀರು ನಿಂತು ಊರು ಮುಳುಗಿತು. ಮನೆ ಹೋಯಿತು, ಹೊಲ ಹೋಯಿತು, ಹರಿಗೋಲು ಒಂದು ತೇಲಿತು. ಆಮೇಲೆ ಅಪ್ಪನೂ ಮಗನೂ ಆ ಊರಿನ ಮೇಲಿನ ನೀರಿನಲ್ಲೇ ಜನರನ್ನು ದಾಟಿಸಿ ಬದುಕಿದರು. ಕಡವು ಅಂದರೆ ಮಾವನಿಗೆ ಹೊಟ್ಟೆಪಾಡು ಮಾತ್ರ ಅಲ್ಲ. ಅವನ ಊರಿನಲ್ಲಿ ಅವನಿಗೆ ಉಳಿದಿದ್ದ ಜಾಗವೇ ಅದು.

ಆ ವರ್ಷ ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಒಬ್ಬ ಆಫೀಸರು ಜೀಪಿನಲ್ಲಿ ಬಂದು, ಬಾಡಿಗೆಗೆ ಜನ ಕೂರಿಸುವವರು ಇನ್ನು ಹರಿಗೋಲು ಹಾಕುವಂತಿಲ್ಲ, ಮೂತಿ ಇರುವ ಸರಿಯಾದ ದೋಣಿಯೇ ಬೇಕು ಅಂದರು. ಹೊಸ ನೀರು ತುಂಬಿದ ಮೇಲೆ ಬಂದು ನೋಡುತ್ತಾರೆ. ಜನರನ್ನು ಕೂರಿಸಿಕೊಂಡು ಒಂದು ಹನಿ ಒಳಗೆ ಬಾರದ ಹಾಗೆ ದಾಟಿಸಿದರೆ ಕಡವು ನಮ್ಮದು. ಇಲ್ಲದಿದ್ದರೆ ಕೊಳತ್ತೂರಿನ ಕಡೆಯ ಒಬ್ಬ ಹೊಸ ಮರದ ದೋಣಿ ಮಾಡಿಸುತ್ತಿದ್ದಾನೆ, ಅವನದು.

ಮಾವ ವಾರವೆಲ್ಲ ಮೆಟ್ಟೂರಿಗೆ ಓಡಾಡಿದ. ಆಮೇಲೆ ಒಂದು ಮಧ್ಯಾಹ್ನ ಎತ್ತಿನ ಗಾಡಿಯ ಮೇಲೆ ಏನೋ ದೊಡ್ಡದನ್ನು ಹೇರಿಕೊಂಡು ಬಂದ. ಮೆಟ್ಟೂರಿನ ಒಂದು ಬಂಗಲೆಯಲ್ಲಿ ಹಿಂದೆ ಇದ್ದ ಯಾರೋ ಸಾಹೇಬರು ಮೀನಿನ ಶೋಕಿಗೆ ತರಿಸಿದ್ದ ಫೈಬರ್ ದೋಣಿ ಅದು. ಸಾಹೇಬರು ಹೋದ ಮೇಲೆ ಹುಣಸೆಮರದ ಕೆಳಗೆ ವರ್ಷಗಟ್ಟಲೆ ಬಿದ್ದಿತ್ತು. ಬಂಗಲೆಯ ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಬಿಳಿ ಬಣ್ಣ ಸುಣ್ಣದ ಹಾಗೆ ಕೈಗೆ ಹತ್ತುತ್ತಿತ್ತು, ಮೈಯೆಲ್ಲ ಸಣ್ಣ ಸಣ್ಣ ಬಿರುಕು. ಹಿಂದಿನ ಹಲಗೆ ಲಡ್ಡಾಗಿತ್ತು. ತಳದಲ್ಲಿ ನನ್ನ ತಲೆ ತೂರುವಷ್ಟು ದೊಡ್ಡ ತೂತು.

“ಎಂಗೈತೆ?” ಅಂದ ಮಾವ.

“ತಿಪ್ಪೆಗೆ ಚೆನ್ನಾಗೈತೆ. ಏನ್ ಕೊಟ್ಟು ತಂದೆ?”

ಅವನು ಗಾಡಿಯ ಹಗ್ಗ ಬಿಚ್ಚತೊಡಗಿದ. ನಾನು ಹಟ್ಟಿಯ ಕಡೆ ನೋಡಿದೆ. ಅಲ್ಲಿ ನನ್ನ ಎರಡು ಕರಿ ಕುರಿಗಳು ಇರಲಿಲ್ಲ. ತವರಿನಿಂದ ನನ್ನ ಜೊತೆ ಬಂದ ಉಣ್ಣೆ ಕುರಿಗಳು. ಈ ಕಡೆಯ ಕುರಿಗಳು ಕೆಂಚು, ಮೈಮೇಲೆ ಉಣ್ಣೆಯೇ ಇಲ್ಲ, ಅವುಗಳ ನಡುವೆ ನನ್ನವು ರೇಷ್ಮೆ ಸೀರೆ ಉಟ್ಟವರ ಹಾಗೆ ಓಡಾಡುತ್ತಿದ್ದವು. ಬಂಗಲೆಗೆ ಹೊಸದಾಗಿ ಬಂದವರ ಮನೆಯಲ್ಲಿ ಮದುವೆಯಂತೆ. ನನ್ನ ಕುರಿಗಳು ಅಲ್ಲಿ ಬಿರಿಯಾನಿಯಾದವು.

ಮೈ ಉರಿದುಹೋಯಿತು. ಅವತ್ತಿನಿಂದ ಮಾವನಿಗೆ ಊಟ ಬಡಿಸಿದೆ, ಮಾತು ಬಡಿಸಲಿಲ್ಲ. ಅವನು ಬೇಲಿಯ ಪಕ್ಕ ದೋಣಿಯನ್ನು ಕವುಚಿ ಹಾಕಿಕೊಂಡು ಒಬ್ಬನೇ ಮರಳಂಟಿಸಿದ ಉಪ್ಪುಕಾಗದದಲ್ಲಿ ತಿಕ್ಕುತ್ತಿದ್ದ. ಚಿತ್ತಿರೈ ಬಿಸಿಲಿಗೆ ಬೆನ್ನು ಕಪ್ಪಾಗಿ ಹೋಯಿತು. ತಿಕ್ಕಿದಷ್ಟೂ ಧೂಳು, ಒಂದು ಕಡೆ ತಿಕ್ಕಿ ಇನ್ನೊಂದು ಕಡೆ ಹಾಗೇ ಬಿಡುತ್ತಿದ್ದ. ಬೇಲಿಯಾಚೆಯಿಂದ ಊರವರು ನೋಡಿ ನಗುತ್ತಿದ್ದರು. ನನಗೆ ಅದನ್ನು ಸಹಿಸಲಾಗಲಿಲ್ಲ. ಮಾವನನ್ನು ನಾನು ಬೈಯಬಹುದು, ಅವರು ಯಾಕೆ ನಗಬೇಕು? ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು ಹೋಗಿ ಅವನ ಕೈಯಿಂದ ಕಾಗದ ಕಿತ್ತುಕೊಂಡೆ.

“ನೀನ್ಯಾಕೆ ಬಂದೆಲೇ ಕೆಂಪಿ?”

“ನನ್ ಕುರಿ ಕೊಟ್ಟು ತಂದಿರೋ ದೋಣಿ. ಮುಳುಗಿದ್ರೆ ನನ್ ಕುರಿ ಮುಳುಗ್ದಂಗೆ. ಜರುಗು ಅತ್ಲಾಗೆ.”

ಅಲ್ಲಿಗೆ ನಮ್ಮ ರಾಜಿಯಾಯಿತು. ಲಡ್ಡು ಹಲಗೆಯನ್ನು ಕೆರೆದು ತೆಗೆದು ಹಲಸಿನ ಹಲಗೆ ಕೂರಿಸಿದೆವು. ತೂತಿನ ಸುತ್ತ ಸತ್ತ ಪದರವನ್ನೆಲ್ಲ ತಿಕ್ಕಿ ತೆಗೆದು, ಅಂಚನ್ನು ತಟ್ಟೆಯ ಹಾಗೆ ಇಳಿಜಾರು ಮಾಡಿದೆವು. ಹಾಗೆ ಮಾಡಬೇಕು ಅಂತ ನನ್ನ ಗಂಡ ಮುನಿಯ ಬೆಂಗಳೂರಿನ ಅಂಗಡಿಯವರನ್ನು ಕೇಳಿಕೊಂಡು ಬಂದಿದ್ದ. ಅವನು ಸೇಲಂ–ಬೆಂಗಳೂರು ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದವನು. ಘಾಟು ಹೊಡೆಯುವ ಸಾಮಾನು ತಂದು ಇಳಿಸಿದವನು ಕಾಫಿ ಕುಡಿಯುವಷ್ಟರಲ್ಲಿ ಪಾಠ ಮುಗಿಸಿದ.

“ಈ ದೊಡ್ಡ ಡಬ್ಬೀಲಿ ಇರೋದು ಆಲು ಅನ್ಕೊ. ಈ ಸಣ್ಣ ಬಾಟ್ಲೀದು ಎಪ್ಪು. ಎಪ್ಪು ಆಕಿ ಕಲಸಿದ್ರೆ ಗಟ್ಟಿಯಾಯ್ತದೆ. ಈ ಬಿಳೀ ಬಟ್ಟೆ ಮೇಲೆ ಬಳಿದು ಪದರ ಪದರ ಅಂಟ್ಸು. ಅಷ್ಟೇ ಕಣಪ್ಪ. ಲೋಡು ಕಾಯ್ತಾ ಐತೆ, ನಾ ಬತ್ತೀನಿ.”

ಮಾವ ಆ ಬಿಳಿ ಬಟ್ಟೆಯನ್ನು ಮುಟ್ಟಿ ನೋಡಿ, “ಯಾವ ಸೀಮೆ ಕುರಿ ಉಣ್ಣೆಲೇ ಇದು?” ಅಂದ. ನೋಡಲು ತಟ್ಟಿದ ಉಣ್ಣೆಯ ಹಾಗೇ ಇತ್ತು. ನಾನೂ ಮೂಸಿ ನೋಡಿದೆ, ಕುರಿಯ ವಾಸನೆಯೇ ಇರಲಿಲ್ಲ. ಅದು ಗಾಜಿನ ನೂಲು ಅಂತ ಮುನಿಯ ಹೇಳಿದ್ದನ್ನು ಬೇಲಿಯಾಚೆಯ ಕಿವಿಗಳು ಕೇಳಿಸಿಕೊಂಡವು. ಸಂಜೆಯೊಳಗೆ ಊರಿನಲ್ಲಿ ನಮ್ಮ ದೋಣಿಗೆ ಹೆಸರು ಬಿತ್ತು: ಕಣ್ಣಾಡಿ ಪಡಗು, ಗಾಜಿನ ದೋಣಿ.

ಮೊದಲ ಸಲ ಕಲಸಿದವನು ಮಾವ. ಬೇಗ ಗಟ್ಟಿಯಾಗಲಿ ಅಂತ ಹೆಪ್ಪನ್ನು ಧಾರಾಳವಾಗಿ ಸುರಿದ. ನಾವು ಬಟ್ಟೆ ಕತ್ತರಿಸಿ ತಿರುಗುವಷ್ಟರಲ್ಲಿ ಚೊಂಬಿನಿಂದ ಹೊಗೆ ಬರುತ್ತಿತ್ತು. ಚೊಂಬು ಮುಟ್ಟಿದರೆ ಕೈ ಸುಡುತ್ತದೆ, ಒಳಗಿನದು ಕಲ್ಲು, ಕಲ್ಲಿನ ನಡುವೆ ನಮ್ಮ ಸೌಟು ನೆಟ್ಟಗೆ ನಿಂತಿದೆ.

“ಬೇಸ್ಗೇಲಿ ಯಾರಾದ್ರೂ ಅಷ್ಟು ಎಪ್ಪು ಆಕ್ತಾರಾ ಮಾವ? ಮೊಸ್ರು ಮಾಡಿಲ್ವಾ ನಿನ್ ಜನ್ಮದಲ್ಲಿ?”

“ಮಾಡಿಲ್ಲ ಕಣೆ. ತಿಂದಿವ್ನಿ” ಅಂದ. ಅವತ್ತಿನಿಂದ ಹೆಪ್ಪಿನ ಬಾಟಲಿ ನನ್ನ ಕೈಗೆ ಬಂತು. ಬೆಳಗಿನ ತಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿದರೆ ಅದು ಹೇಳಿದ ಮಾತು ಕೇಳಿತು. ಸೌಟು ಮಾತ್ರ ಹೋದದ್ದು ಹೋಯಿತು.

ಕಷ್ಟ ಕೊಟ್ಟದ್ದು ನವೆ. ಆ ಗಾಜಿನ ಧೂಳು ಮೈಗೆ ಹೊಕ್ಕಿತೆಂದರೆ ನಸುಗುನ್ನಿ ಕಾಯಿ ಮುಟ್ಟಿದಷ್ಟೇ ತುರಿಕೆ, ತೊಳೆದರೂ ಹೋಗದು. ಮೈಗೆ ಏನೇ ಆದರೂ ನಮ್ಮವರಿಗೆ ಗೊತ್ತಿರುವ ಮದ್ದು ಹರಳೆಣ್ಣೆ. ಕುರಿಯ ಕಾಲಿಗೆ ಮುಳ್ಳು ಹೊಕ್ಕರೆ ಹರಳೆಣ್ಣೆ, ಮಗುವಿನ ನೆತ್ತಿಗೆ ಹರಳೆಣ್ಣೆ, ಕಣ್ಣುರಿಗೆ ಹರಳೆಣ್ಣೆ. ಮಾವನೂ ನಾನೂ ಮೊಣಕೈಯವರೆಗೆ ಚೆನ್ನಾಗಿ ತೀಡಿಕೊಂಡು ಕೆಲಸಕ್ಕೆ ಕೂತೆವು. ಏನು ಸುಖ! ನವೆಯೇ ಇಲ್ಲ. ತೂತಿನ ಮೇಲೆ ಪದರದ ಮೇಲೆ ಪದರ ಹಾಸಿ, ಬಳಿದು, ಒತ್ತಿ, ಸಂಜೆಗೆ ನೋಡಿದರೆ ತೂತು ಎಲ್ಲಿತ್ತು ಅಂತ ಹುಡುಕಬೇಕು. ಅವತ್ತು ನಾನು ಪಾಯಸ ಮಾಡಿದ್ದೆ.

ಬೆಳಿಗ್ಗೆ ಮಾವ ಹೆಮ್ಮೆಯಿಂದ ಬೆರಳಲ್ಲಿ ತಟ್ಟಿದ. ಟಣ್ ಅನ್ನಬೇಕಾದದ್ದು ಟಪ್ ಅಂದಿತು. ಅಂಚಿಗೆ ಉಗುರು ಹಾಕಿ ಎತ್ತಿದ. ಇಡೀ ತೇಪೆ ಕಾವಲಿಯಿಂದ ರೊಟ್ಟಿ ಎದ್ದ ಹಾಗೆ ಎದ್ದು ಅವನ ಕೈಗೆ ಬಂತು. ತೂತು ಮತ್ತೆ ಬಾಯಿ ಬಿಟ್ಟುಕೊಂಡು ನಮ್ಮನ್ನು ನೋಡುತ್ತಿತ್ತು.

ಮಾವ ತೇಪೆಯನ್ನು ನೆಲಕ್ಕೆ ಹಾಕಿ ಬೇಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. “ಬುಡು ಕೆಂಪಿ. ಆ ಕೊಳತ್ತೂರೋನೇ ಕಟ್ಕೊಳ್ಳಿ ಕಡವ. ನಮ್ಮೂರು ಓದಾಗ್ಲೇ ಇದೂ ಓಗ್ಬೇಕಿತ್ತು” ಅಂದ. ಅವನು ಹಾಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ನನಗೆ ಅಳು ಬರುವ ಹಾಗಾಯಿತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಸಿಟ್ಟಿನಲ್ಲೇ ಆ ತೇಪೆಯನ್ನು ಎತ್ತಿ ತಿರುಗಿಸಿ ನೋಡಿದೆ. ಅದರ ಒಳಮೈಯಲ್ಲಿ ಐದೂ ಬೆರಳಿನ ಅಚ್ಚು ಹೊಳೆಯುತ್ತಿತ್ತು. ಮೂಸಿದೆ. ಹರಳೆಣ್ಣೆ.

“ಮಾವ, ದೋಣಿಗೆ ನಾವು ಎಣ್ಣೆ ಅಚ್ಚಿ ಕೂರ್ಸಿದ್ದೀವಿ! ಎಣ್ಣೆ ಮೈಗೆ ಅಂಟು ಎಂಗೆ ಇಡೀತದೆ?”

ಮಾವ ತಲೆ ಎತ್ತಿದ. ಸ್ವಲ್ಪ ಹೊತ್ತು ನನ್ನ ಮುಖ, ತೇಪೆ, ತನ್ನ ಕೈ ನೋಡಿಕೊಂಡ. ಆಮೇಲೆ ನಗು ಶುರುವಾಯಿತು, ನಿಲ್ಲಲೇ ಇಲ್ಲ. “ಎಣ್ಣೆ ಅಚ್ಚಿದ್ಮೇಲೆ ನೀರು ಆಕ್ದೆ ಬುಡ್ತಾರೇನೆ? ಒಲೆ ಉರಿ ಆಕು ಓಗು!”

ಹಂಡೆ ತುಂಬ ನೀರು ಕಾಯಿಸಿದೆವು. ಮನೆಯಲ್ಲಿದ್ದ ಸೀಗೇಕಾಯಿ ಪುಡಿಯನ್ನೆಲ್ಲ ಕಲಸಿ, ಬಾಣಂತಿಗೆ ಹಾಕುವಷ್ಟು ಬಿಸಿ ನೀರು ಎರೆದು, ತೆಂಗಿನ ನಾರಿನಲ್ಲಿ ದೋಣಿಯ ಮೈ ಉಜ್ಜಿದೆವು. ಊರಿನ ಹೆಂಗಸರು ಬಿಂದಿಗೆ ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತ ನಿಂತರು. “ದೀವಳಿಗೆ ಈಗ್ಲೇ ಬಂತಾ?” ಅಂತ ಒಬ್ಬಳು, “ಸಾಂಬ್ರಾಣಿ ಹೊಗೇನೂ ಆಕ್ಬುಡು ಕೆಂಪಿ, ಸೀತ ಆದೀತು” ಅಂತ ಇನ್ನೊಬ್ಬಳು. ಅಂದುಕೊಳ್ಳಲಿ. ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಉಪ್ಪುಕಾಗದದಲ್ಲಿ ತಿಕ್ಕಿ, ಒಗೆದ ಬಟ್ಟೆಯಲ್ಲಿ ಒರೆಸಿದೆವು. ಈ ಸಲ ಕೈಗೆ ಎಣ್ಣೆ ಇಲ್ಲ. ಮುನಿಯನ ಖಾಕಿ ಅಂಗಿಗಳನ್ನು ತೊಟ್ಟು, ತೋಳನ್ನು ಮಣಿಕಟ್ಟಿಗೆ ದಾರದಲ್ಲಿ ಕಟ್ಟಿಕೊಂಡು ಇಬ್ಬರೂ ಡ್ರೈವರುಗಳ ಹಾಗೆ ಕೂತೆವು. ನವೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆವು.

ಎರಡನೆಯ ತೇಪೆ ನಾನು ಹಾಕಿದ್ದು. ತವರಿನಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿಯುವುದು ನನಗೆ ಚಿಕ್ಕಂದಿನಿಂದ ರೂಢಿ. ಬೇರಿನ ಕುಂಚ ಹಿಡಿದು ನಡುವಿನಿಂದ ಅಂಚಿನ ಕಡೆಗೆ, ಒಂದೇ ದಿಕ್ಕಿಗೆ, ಎಳೆ ಎಳೆ ನೆನೆಯುವವರೆಗೆ ಎಳೆಯಬೇಕು. ಆತುರ ಮಾಡಿದರೆ ಗುಳ್ಳೆ ನಿಲ್ಲುತ್ತದೆ. ಅದೇ ಕುಂಚ, ಅದೇ ಕೈ. ಬಿಳಿ ಬಟ್ಟೆ ಅಂಟು ಕುಡಿದು ಕುಡಿದು ನೀರಿನ ಹಾಗೆ ತಿಳಿಯಾಯಿತು, ಗುಳ್ಳೆಗಳು ಅಂಚಿಗೆ ಓಡಿ ಸತ್ತವು. ಮಾರನೆಯ ದಿನ ಮಾವ ತಟ್ಟಲು ಹೆದರಿ ನನ್ನನ್ನು ಕಳಿಸಿದ. ಟಣ್ ಅಂದಿತು. ನಾನು ಇನ್ನೊಂದು ಸಲ ತಟ್ಟಿದೆ, ಅವನೂ ಬಂದು ತಟ್ಟಿದ, ಆಮೇಲೆ ಸುತ್ತಿಗೆ ತಂದು ತಟ್ಟಿದ. ಸುತ್ತಿಗೆ ಎಗರಿ ಬಂತು.

ಬಣ್ಣದ ವಿಷಯಕ್ಕೆ ಮತ್ತೆ ಜಗಳ. ಹೊರಗೆ ನೀಲಿ ಅಂತ ಇಬ್ಬರೂ ಒಪ್ಪಿದೆವು. ಒಳಗೆ ಮಾವನಿಗೆ ಹೊಸ ಬಸ್ಸಿನ ಹಾಗೆ ನುಣ್ಣಗೆ ಹೊಳೆಯಬೇಕು. ನಾನು ಬೇಡ ಅಂದೆ. ನಮ್ಮ ಕಡವಿನಲ್ಲಿ ಜನಕ್ಕಿಂತ ಕುರಿಗಳೇ ಹೆಚ್ಚು ದಾಟುವುದು, ನುಣುಪಿನ ಮೇಲೆ ಗೊರಸು ನಿಲ್ಲುತ್ತದೆಯೇ? ಒಳಗೆ ಬಳಿದ ಅಂಟು ಹಸಿಯಿದ್ದಾಗಲೇ ಹೊಳೆಯ ಸಣ್ಣ ಮರಳನ್ನು ಜರಡಿ ಹಿಡಿದು ತಳದ ಮೇಲೆಲ್ಲ ಉದುರಿಸಿದೆ. ಮಾವ ರಂಗೋಲಿ ಹಾಳು ಮಾಡಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದ.

ಆನಿ ತಿಂಗಳು ಮುಗಿದು ಆಷಾಢ ಹಿಡಿಯುವ ಹೊತ್ತಿಗೆ ಹೊಸ ನೀರು ಬಂತು. ನಮ್ಮಲ್ಲಿ ಮಳೆಯಿಲ್ಲ, ಗಾಳಿ ಮಾತ್ರ. ಮಳೆ ಬಿದ್ದದ್ದು ಎಲ್ಲೋ ಕೊಡಗಿನಲ್ಲಿ, ನೀರು ಕೆಂಪಗೆ ಬಂದು ನಮ್ಮ ಬಾಗಿಲಿಗೆ ನಿಂತಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆ ತಳದಲ್ಲೇ ಹುಲ್ಲು ಬೆಳೆಯುತ್ತದೆ. ನನ್ನ ಅಣ್ಣ ಬೀರ ತವರಿನಿಂದ ಬಂದು, ಈ ದಡದ ನಮ್ಮೂರಿನವರ ಕುರಿಗಳನ್ನೆಲ್ಲ ಒಟ್ಟು ಮಾಡಿಕೊಂಡು ಅಲ್ಲೇ ಮೇಯಿಸುತ್ತಿದ್ದ. ನೀರು ಏರಿದ ಮೇಲೆ ಅವುಗಳನ್ನು ಆ ದಡಕ್ಕೆ ದಾಟಿಸಿ ಧರ್ಮಪುರಿಯ ಗುಡ್ಡಗಳಿಗೆ ಹೊಡೆದುಕೊಂಡು ಹೋಗುವುದು ಪ್ರತಿ ವರ್ಷದ ಪದ್ಧತಿ. ಆ ಸಲವೂ ಮಂದೆ ತಂದು ಕಡವಿನಲ್ಲಿ ನಿಲ್ಲಿಸಿಕೊಂಡಿದ್ದ.

ಆಫೀಸರು ಬಂದ ದಿನ ಗಾಳಿ ಜೋರಾಗಿತ್ತು. ಕೊಳತ್ತೂರಿನವನ ಮರದ ದೋಣಿ ಡಾಂಬರು ಬಳಿಸಿಕೊಂಡು ಒಂದು ಕಡೆ ನಿಂತಿತ್ತು. ನಮ್ಮ ನೀಲಿ ದೋಣಿ ಇನ್ನೊಂದು ಕಡೆ. ಆಫೀಸರು ಸುತ್ತ ನೋಡಿ, ತಳ ತಟ್ಟಿ, “ಪರವಾಯಿಲ್ಲೈ” ಅಂದರು. ಆಮೇಲೆ ಜನರ ಕಡೆ ತಿರುಗಿ, “ಆಳ್ ಏರುಂಗ! ಪತ್ತು ಪೇರ್ ಏರುಂಗ!” ಅಂದರು. ಹತ್ತು ಜನ ಹತ್ತಬೇಕು.

ಒಬ್ಬರೂ ಹತ್ತಲಿಲ್ಲ. ಊರಿಗೆ ಊರೇ ದಡದಲ್ಲಿತ್ತು, ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. “ಗಾಜು ಕಣಪ್ಪ. ನಡು ನೀರಲ್ಲಿ ಒಡೆದ್ರೆ?” ಅಂತ ಒಬ್ಬ. “ನಮ್ಮನೆ ಲಾಟೀನು ಬುರುಡೆ ತಣ್ಣೀರು ಬಿದ್ರೆ ಪಟ್ ಅಂತದೆ” ಅಂತ ಇನ್ನೊಬ್ಬ. ನಾನು ದೋಣಿಯೊಳಗೆ ನೆಗೆದು ಕುಣಿದು ತೋರಿಸಿದೆ. ಮಾವ ಕೈಮುಗಿದ. ಇಷ್ಟು ವರ್ಷ ಅವನ ಹರಿಗೋಲಿನಲ್ಲಿ ಕಣ್ಣು ಮುಚ್ಚಿ ಕೂತವರು ಈಗ ನೆಲ ನೋಡಿಕೊಂಡು ನಿಂತರು. ಆಫೀಸರು ಗಡಿಯಾರ ನೋಡಿ ಮರದ ದೋಣಿಯ ಕಡೆ ಹೆಜ್ಜೆ ಇಟ್ಟರು. ಮಾವನ ಮುಖ ಬೂದಿಯಾಯಿತು.

ಆಗ ನನ್ನ ಅಣ್ಣ ಬೀರ ಬಾಯಲ್ಲಿ ಹುರ್ರ್ ಅಂದ. ಮುಂದಿನ ಟಗರಿನ ಕೊಂಬು ಹಿಡಿದು ದೋಣಿಗೆ ಹತ್ತಿಸಿದ. ಟಗರು ಗೊರಸು ಇಟ್ಟು ನೋಡಿತು. ಮರಳು ಹಿಡಿದುಕೊಂಡಿತು, ಜಾರಲಿಲ್ಲ. ನೆಟ್ಟಗೆ ಮೂತಿಯವರೆಗೆ ನಡೆದುಹೋಯಿತು. ಅದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು, ದಬದಬ ಹತ್ತತೊಡಗಿದವು. ಆಫೀಸರು ತಿರುಗಿ, “ಯೋವ್! ಆಡು ಏರಿನಾ ಪೋದುಮಾ? ಆಳ್ ಏರಣುಂ!” ಅಂತ ಕೂಗಿದರು. ಕುರಿ ಹತ್ತಿದರೆ ಸಾಕೇ, ಆಳು ಬೇಡವೇ ಅಂತ. ಬೀರ ಕಿವಿ ಕೇಳದವನ ಹಾಗೆ ನನಗೆ ಕಣ್ಣು ಹೊಡೆದು, “ಕೆಂಪೀ, ಬಿಚ್ಚಲೇ ಅಗ್ಗಾನ!” ಅಂದ.

ನಾನು ಹಗ್ಗ ಬಿಚ್ಚಿದೆ. ದೋಣಿ ಮೊಳದಷ್ಟು ಸರಿಯಿತು. ದಡದಲ್ಲಿ ಒಬ್ಬಳು ಎದೆ ಬಡಿದುಕೊಂಡಳು. “ಅಯ್ಯೋ ನನ್ ಕುರಿ! ಆ ಚುಕ್ಕೆ ಕುರಿ ನಂದು ಕಣ್ಲಾ!” ಸೀರೆ ಎತ್ತಿಕಟ್ಟಿ ಮೊಣಕಾಲು ನೀರಿಗೆ ಇಳಿದು ದೋಣಿಗೆ ಬಿದ್ದಳು. “ನನ್ ಟಗರು!” ಅಂತ ಅವಳ ಹಿಂದೆ ಒಬ್ಬ. “ನಂದು ಗಬ್ಬ ಐತೆ ಕಣೋ ಪಾಪಿ!” ಅಂತ ಇನ್ನೊಬ್ಬ. ಗಾಜೂ ಇಲ್ಲ, ಲಾಟೀನೂ ಇಲ್ಲ, ಎಲ್ಲರೂ ತಂತಮ್ಮ ಕುರಿಯನ್ನು ಕಾಪಾಡಲು ಹತ್ತಿದ್ದೇ ಹತ್ತಿದ್ದು. ಸಾಕು ಸಾಕು ಅಂತ ನಾನು ಹುಟ್ಟು ಅಡ್ಡ ಹಿಡಿಯಬೇಕಾಯಿತು. ಆಫೀಸರು ನಗು ತಡೆಯಲಾರದೆ ಚಪ್ಪಲಿ ಕೈಯಲ್ಲಿ ಹಿಡಿದು ತಾವೂ ಹತ್ತಿ ಎರಡು ಕುರಿಗಳ ನಡುವೆ ಕೂತರು.

ನಾನೂ ಮಾವನೂ ಹುಟ್ಟು ಹಾಕಿದೆವು. ಗಾಳಿಗೆ ಎದ್ದ ಅಲೆ ದೋಣಿಯ ಪಕ್ಕೆಗೆ ಬಡಿಯುತ್ತಿತ್ತು. ಪ್ರತಿ ಸಲವೂ ನನ್ನ ಕಣ್ಣು ಆ ತೇಪೆಯ ಕಡೆಗೇ ಹೋಗುತ್ತಿತ್ತು. ಕುರಿಯ ಹಿಕ್ಕೆ ಬಿದ್ದಿತ್ತು, ನೀರು ಬಂದಿರಲಿಲ್ಲ. ಮೊದಮೊದಲು ಅಂಚು ಬಿಗಿಯಾಗಿ ಹಿಡಿದುಕೊಂಡಿದ್ದವರು ಕೈ ಸಡಿಲಿಸಿ ಎಲೆಯಡಿಕೆ ತೆಗೆದರು. ನಡು ನೀರಿನ ಹತ್ತಿರ ಬಂದಾಗ ಆಫೀಸರು ಬಗ್ಗಿ ತಳಕ್ಕೆ ಕೈ ಹಾಕಿ, ಒದ್ದೆಯಾಗದ ಅಂಗೈಯನ್ನು ಎಲ್ಲರಿಗೂ ತೋರಿಸಿದರು.

“ಸರಿ ಪೆರಿಯವರೇ. ಕಡವು ಉಂಗಳ್ದುದಾನ್.” ಹಿರಿಯರೇ, ಕಡವು ನಿಮ್ಮದೇ ಅಂತ.

ಮಾವ ಹುಟ್ಟನ್ನು ನೀರಿನಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ದೋಣಿ ತಾನಾಗಿ ನಿಧಾನವಾಯಿತು. ಎಲ್ಲಿದ್ದೇವೆ ಅಂತ ನಮಗೆಲ್ಲ ಗೊತ್ತಿತ್ತು. ಅವನು ಹುಟ್ಟಿದ ಊರು ನಮ್ಮ ಕೆಳಗಿತ್ತು. ಆ ಜಾಗದಲ್ಲಿ ಅವನು ಯಾವತ್ತೂ ಬಾಯಿಬಿಟ್ಟವನಲ್ಲ, ದಾಟುವ ಜನರೂ ಅಲ್ಲಿ ಸುಮ್ಮನಾಗುತ್ತಿದ್ದರು. ಅವತ್ತೂ ಸುಮ್ಮನಾದರು. ಮಾವ ಎದ್ದು ನಿಂತ. ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮೇಚೇರಿ ಬಸ್ಸಿನ ಕಂಡಕ್ಟರನ ಗಂಟಲಿನಲ್ಲಿ ಕೂಗಿದ.

“ನಮ್ಮೂರು ಬಂತು! ಇಳಿಯೋರೆಲ್ಲ ಇಳ್ಕಳ್ರಪ್ಪೋ!”

ಕನ್ನಡ ತಿಳಿಯದ ಆಫೀಸರು ದಡ ಬಂತೇನೋ ಅಂತ ಚಪ್ಪಲಿ ಹಿಡಿದು ಗಡಬಡಿಸಿ ಎದ್ದರು. ಅವರನ್ನು ನಾಲ್ಕು ಜನ ಹಿಡಿದು ಕೂರಿಸಿದರು. ದೋಣಿಗೆ ದೋಣಿಯೇ ನಕ್ಕಿತು. ಮಾವ ಎಲ್ಲರಿಗಿಂತ ಜೋರಾಗಿ ನಕ್ಕ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಆಮೇಲೆ ಕೂತು, ಹುಟ್ಟು ನೀರಿಗೆ ಹಾಕಿ, “ಎಳಿಯೇ ಕೆಂಪಿ, ಇಳಿಯೋರು ಯಾರೂ ಇಲ್ವಂತೆ” ಅಂದ. ನಾನು ಎಳೆದೆ.